ದ್ವೀಪದಲ್ಲಿ ಎಡಸುತ್ತು

ಐರ್ಲೆಂಡಿಗೆ ಹೋಗಿ ಬಂದೆ ಎಂದರೆ ಸ್ಟುಟ್‌ಗಾರ್ಟ್‌ನ ನಮ್ಮ ಕನ್ನಡದವರು ಮೊದಲು ಫೋಟೊ ಕೇಳುತ್ತಾರೆ. ಅವರಿಗೆ ಹಸಿರು ಗುಡ್ಡ ಬೇಕು, ಕುರಿ ಬೇಕು, ಕಡಲಿನ ಬಂಡೆ ಬೇಕು. ನನ್ನ ಫೋನಿನಲ್ಲಿರುವುದು ಕಲ್ಲಿನ ಫೋಟೊಗಳು ಮಾತ್ರ. ಅವೂ ಮಗಳು ಅಳತೆಗೆಂದು ತೆಗೆದವು. ಪ್ರತಿಯೊಂದರ ಮೂಲೆಯಲ್ಲೂ ಕಪ್ಪು ಬಿಳಿ ಪಟ್ಟೆಯ ಒಂದು ಅಡ್ಡಪಟ್ಟಿ ಮಲಗಿರುತ್ತದೆ. ಜನ ಎರಡು ನೋಡಿ ಫೋನು ವಾಪಸು ಕೊಡುತ್ತಾರೆ. ಅವರ ತಪ್ಪೇನಿಲ್ಲ. ಸಾವಿರ ವರ್ಷಕ್ಕೂ ಹಿಂದೆ ಕ್ರೈಸ್ತ ಸನ್ಯಾಸಿಗಳು ಒಂದು ದ್ವೀಪದಲ್ಲಿ ಮಠ ಕಟ್ಟಿಕೊಂಡಿದ್ದರು, ಈಗ ಅದು ಪಾಳು, ಅಲ್ಲೊಂದು ನರಪಿಳ್ಳೆಯೂ ಇಲ್ಲ ಎಂದರೆ, ಮತ್ತೆ ನೀವು ಯಾಕೆ ಹೋದಿರಿ ಎಂದು ಕೇಳುವುದು ನ್ಯಾಯವೇ. ಮಗಳಿಗೆ ಕೋಲು ಹಿಡಿಯಲು ಹೋಗಿದ್ದೆ ಎನ್ನುತ್ತೇನೆ. ಅವರು ನಗುತ್ತಾರೆ. ಅದು ನಿಜವಾದ ಮಾತು.

ಮಗಳು ಹ್ಯಾನೋವರಿನಲ್ಲಿ ಓದುತ್ತಾಳೆ. ಹಳೆಯ ಕಟ್ಟಡಗಳನ್ನು ಅಳೆದು, ನಕ್ಷೆ ಮಾಡಿ, ಯಾವ ಕಲ್ಲು ಯಾವಾಗ ಜರುಗಿತು ಎಂದು ಹೇಳುವ ವಿದ್ಯೆ. ನಾನೂ ನನ್ನ ಗಂಡನೂ ಮೈಸೂರಿನಿಂದ ಜರ್ಮನಿಗೆ ಬಂದು ಕಾರಿನ ಬಿಡಿಭಾಗದ ಕಂಪನಿಗಳಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಸೇರಿದವರು. ನಮ್ಮ ಮನೆಯಲ್ಲಿ ಇಂಥ ಓದು ಯಾರೂ ಓದಿರಲಿಲ್ಲ. ಆ ಮೇ ತಿಂಗಳಲ್ಲಿ ಅವಳೇ ಫೋನ್ ಮಾಡಿದಳು. ದ್ವೀಪದ ಅಳತೆ ಹಿಂದಿನ ಬೇಸಿಗೆಯಲ್ಲಿ ಅರ್ಧ ಆಗಿದೆ, ಉಳಿದದ್ದಕ್ಕೆ ಮುಂದಿನ ವಾರ ಮಾತ್ರ ಅನುಮತಿ ಇದೆ, ಜೊತೆಗೆ ಬರಬೇಕಿದ್ದ ಹುಡುಗಿ ಸೈಕಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ಒಬ್ಬಳಿಂದ ಆಗುವ ಕೆಲಸವಲ್ಲ, ಎಲ್ಲರನ್ನೂ ಕೇಳಿದೆ, ಬೇರೆ ಯಾರೂ ಸಿಗಲಿಲ್ಲ. ಆ ಕೊನೆಯದನ್ನು ಸ್ವಲ್ಪ ಒತ್ತಿಯೇ ಹೇಳಿದಳು, ನಾನು ಬೇರೇನೂ ಅಂದುಕೊಳ್ಳಬಾರದೆಂದು. ನಾನು ಏನೂ ಅಂದುಕೊಳ್ಳಲಿಲ್ಲ. ರಜೆ ಹಾಕಿದೆ.

ಅವಳ ಅಪ್ಪ ಹೋಗಿ ಆಗ ಎರಡು ಚಳಿಗಾಲ ಕಳೆದಿದ್ದವು. ಶನಿವಾರ ಬೆಳಗ್ಗೆ ಕಾಫಿ ಕುಡಿದು, ಕಾಗದ ಬೇರೆ ಪ್ಲಾಸ್ಟಿಕ್ ಬೇರೆ ಮಾಡಿ ಕಸ ಹಾಕಿ ಬಂದು ಸೋಫಾದ ಮೇಲೆ ಕೂತವರು ಏಳಲಿಲ್ಲ. ಆಂಬುಲೆನ್ಸಿನವರು ಬಹಳ ಹೊತ್ತು ಹೆಣಗಿದರು. ಆಮೇಲೆ ಕಪ್ಪು ಕೋಟಿನ ಇಬ್ಬರು ಬಂದು ತೆಗೆದುಕೊಂಡು ಹೋದರು, ಅಲ್ಲಿಗೆ ಅವರು ನಮ್ಮವರಾಗಿ ಉಳಿಯಲಿಲ್ಲ. ಈ ದೇಶದಲ್ಲಿ ಸಾವು ಮನೆಯವರ ಕೈಯಲ್ಲಿರುವುದಿಲ್ಲ. ಸ್ಮಶಾನದ ಹಾಲಿನಲ್ಲಿ ಮುಚ್ಚಿದ ಪೆಟ್ಟಿಗೆ, ಅದರ ಹಿಂದೆ ಗೋಡೆ, ಮುಂದೆ ಹೂವಿನ ಚಕ್ರಗಳು, ಎರಡೂ ಬದಿಗೆ ಮೇಣದಬತ್ತಿಯ ಕಂಬಗಳು. ನಾವು ಸಾಲು ಕುರ್ಚಿಗಳಲ್ಲಿ. ಯಾರೋ ಪಿಟೀಲಿನ ರೆಕಾರ್ಡ್ ಹಾಕಿದರು. ಮುಂದಿನ ಕುಟುಂಬದವರು ಹೊರಗೆ ಕಾಯುತ್ತಿದ್ದುದು ಬಾಗಿಲಿನ ಗಾಜಿನಲ್ಲಿ ಕಾಣುತ್ತಿತ್ತು.

ಬೂದಿಯನ್ನೂ ಇಲ್ಲಿ ಮನೆಯವರ ಕೈಗೆ ಕೊಡುವುದಿಲ್ಲ. ಫ್ರೀಡ್‌ಹೋಫಿನಲ್ಲಿ, ಅಂದರೆ ಸ್ಮಶಾನದಲ್ಲಿಯೇ, ಹೂಳಬೇಕು ಎಂಬುದು ಕಾನೂನು. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಹೊಳೆಗೆ ಬಿಡುವಂತಿಲ್ಲ. ಸ್ವಂತ ದೇಶಕ್ಕೆ ಒಯ್ಯುವುದಾದರೆ ಮಾತ್ರ ಬಿಡುತ್ತಾರೆ. ಮೈದುನ ವೀಸಾ ಸಿಕ್ಕಿ ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅವನು ಆ ಕಲಶವನ್ನು ತೆಗೆದುಕೊಂಡು ಹೋಗಿ ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟ. ಅದು ನನ್ನ ಗಂಡ ಬಾಯಿಬಿಟ್ಟು ಹೇಳಿದ್ದ ಆಸೆ. ಕೊನೆಯ ಸಲ ಊರಿಗೆ ಹೋದಾಗ ಅದೇ ಹೊಳೆಯಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು, ಇಬ್ಬರನ್ನೂ ಇಲ್ಲೇ ತಂದು ಬಿಡಲಿ, ಹಿಂದೆ ಮುಂದೆ ಆದರೂ ನೀರು ಒಂದೇ ತಾನೆ ಎಂದಿದ್ದರು. ನಾನು ಹೂಂ ಎಂದಿದ್ದೆ.

ಮಗಳಿಗೆ ಬೇಕಾಗಿದ್ದುದು ಬೇರೆ. ಸ್ಟುಟ್‌ಗಾರ್ಟ್‌ನ ಹತ್ತಿರ ಒಂದು ಕಾಡಿನಲ್ಲಿ, ಕಾನೂನಿನ ಲೆಕ್ಕಕ್ಕೆ ಅದೂ ಸ್ಮಶಾನವೇ, ಮರದ ಬುಡಕ್ಕೆ ಬೂದಿ ಹೂಳಿ, ಮರಕ್ಕೆ ಸಣ್ಣ ಹಲಗೆ ಹೊಡೆಯುತ್ತಾರೆ. ಅಂಥ ಮರವೊಂದನ್ನು ಅವಳು ಹೋಗಿ ನೋಡಿಯೂ ಬಂದಿದ್ದಳು. ಅವಳ ಗೆಳತಿಯರಿಗೆಲ್ಲ ಅಜ್ಜನದೋ ಅಜ್ಜಿಯದೋ ಒಂದು ಕಲ್ಲಿದೆ. ಭಾನುವಾರ ಹೋಗಿ ಗಿಡಕ್ಕೆ ನೀರು ಹಾಕಿ, ಕೆಂಪು ಗಾಜಿನ ದೀಪ ಹಚ್ಚಿ ಬರುತ್ತಾರೆ. ತನಗೆ ಹೋಗಿ ನಿಲ್ಲಲು ಒಂದು ಜಾಗವಿಲ್ಲದ ಹಾಗೆ ಮಾಡಿದೆ ಎಂದು ಅವಳು ನನಗೆ ಒಂದೇ ಸಲ ಹೇಳಿದಳು, ಜರ್ಮನ್ನಿನಲ್ಲಿ, ಧ್ವನಿ ಏರಿಸದೆ. ಗಂಡ ಕೇಳಿದ್ದನ್ನು ಮಾಡಿದ್ದೇನೆ, ಈಗ ಕೇಳಿದರೂ ಅದನ್ನೇ ಮಾಡುತ್ತೇನೆ ಎಂದೆ ನಾನು. ನನ್ನ ಬಾಯಿಯೂ ಸ್ವಲ್ಪ ಜೋರು. ಅಂದಿನಿಂದ ಅವಳು ಕ್ರಿಸ್‌ಮಸ್‌ಗೆ ಒಂದು ದಿನ ಬಂದು, ಬಡಿಸಿದ್ದನ್ನು ಉಂಡು, ಥ್ಯಾಂಕ್ಸ್ ಹೇಳಿ, ರೈಲು ಹತ್ತುವ ನೆಂಟಳಾದಳು. ಬ್ಯಾಂಕಿನವರ ಹತ್ತಿರ ಮಾತಾಡುವ ಹಾಗೆ ನನ್ನ ಹತ್ತಿರ ಮಾತಾಡುತ್ತಿದ್ದಳು. ನನಗೆ ಬೇಕಾಗಿದ್ದುದು ಒಂದೇ, ಅವಳು ಮತ್ತೆ ಮಗಳಾಗಿ ಮನೆಗೆ ಬರುವುದು. ಅದಕ್ಕೆ ಏನು ಮಾಡಬೇಕೆಂದು ನನಗೆ ಹೊಳೆದಿರಲಿಲ್ಲ.

ನನ್ನ ಸ್ಥಿತಿಯನ್ನೂ ಹೇಳಿಬಿಡುತ್ತೇನೆ. ನಾನು ಅತ್ತಿರಲಿಲ್ಲ. ಗಟ್ಟಿಗಿತ್ತಿ ಎಂದು ಜನ ಹೊಗಳಿದರು. ಗಟ್ಟಿತನ ಅಲ್ಲ ಅದು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ಕೆನ್ನೆ ಇದೆ ಎಂದು ಗೊತ್ತಿದ್ದರೂ ಮುಟ್ಟಿದರೆ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಆಫೀಸಿನಲ್ಲಿ ನನ್ನ ಕೆಲಸ ಟೆಸ್ಟಿಂಗ್. ಪಾಸೋ ಫೇಲೋ ಎಂದು ಬರೆದು ಮುಂದಿನದಕ್ಕೆ ಹೋಗುವುದು. ಮನೆಯಲ್ಲೂ ಹಾಗೆಯೇ ದಿನಗಳನ್ನು ಮುಗಿಸುತ್ತಿದ್ದೆ. ಅಡುಗೆ ಆಯಿತು, ಊಟ ಆಯಿತು, ಅಮ್ಮನಿಗೆ ಫೋನ್ ಆಯಿತು. ದುಃಖವಾಗಿದ್ದರೆ ಚೆನ್ನಾಗಿತ್ತು ಎಂದು ಕೆಲವೊಮ್ಮೆ ಅನಿಸುತ್ತಿತ್ತು.

ವಿಮಾನ, ಬಸ್ಸು, ಮತ್ತೆ ಬಸ್ಸು. ಐರ್ಲೆಂಡಿನ ಪಶ್ಚಿಮದ ಒಂದು ಸಣ್ಣ ಬಂದರಿನಲ್ಲಿ ಇಳಿದೆವು. ಎದುರಿಗೆ ಸಮುದ್ರದಲ್ಲಿ ದ್ವೀಪ ಕಾಣುತ್ತಿತ್ತು, ದೋಸೆಯ ಹಾಗೆ ಚಪ್ಪಟೆ. ಆದರೆ ಗಾಳಿ ಇಳಿಯುವ ತನಕ ದೋಣಿ ಬಿಡುವುದಿಲ್ಲ ಎಂದು ದೋಣಿಯವನು ಹೇಳಿದ. ಅರವತ್ತು ದಾಟಿದ, ಕೆಂಪು ಮುಖದ, ಮಿತವಾದ ಮಾತಿನ ಮನುಷ್ಯ. ಅಲ್ಲಿ ಇಳಿಯಲು ಕಟ್ಟೆಯಿಲ್ಲವಂತೆ; ಅಲೆ ಏರಿದಾಗ ದೋಣಿಯಿಂದ ಬಂಡೆಗೆ ನೆಗೆಯಬೇಕಂತೆ. ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನೂ ಅವನನ್ನು ಹಾಗೆಯೇ ನೋಡಿದೆ.

ಗಾಳಿ ಇಳಿಯುವುದನ್ನು ಕಾಯುತ್ತ ಎರಡು ದಿನ ಬಂದರಿನ ಹತ್ತಿರ ಒಂದು ಬಾಡಿಗೆ ಮನೆಯಲ್ಲಿ ಉಳಿದೆವು. ಮಗಳು ನನಗೆ ಕೆಲಸ ಕಲಿಸಿದಳು. ನನ್ನ ಎತ್ತರಕ್ಕಿಂತ ಉದ್ದದ ಒಂದು ಕೋಲು, ತುದಿಯಲ್ಲಿ ಗಾಜು. ಅವಳು ದೂರದಲ್ಲಿ ಮೂರು ಕಾಲಿನ ಯಂತ್ರವಿಟ್ಟುಕೊಂಡು ಆ ಗಾಜಿಗೆ ಗುರಿ ಹಿಡಿಯುತ್ತಾಳೆ. ನಾನು ಅವಳು ತೋರಿಸಿದ ಕಲ್ಲಿನ ಮೂಲೆಗೆ ಕೋಲಿನ ಮೊನೆ ಊರಿ ನೆಟ್ಟಗೆ ನಿಲ್ಲಬೇಕು. ಅವಳು ಕೈ ಎತ್ತಿದರೆ ಮುಂದಿನ ಮೂಲೆ. ಮಾತಾಡಬಾರದು, ಅಲ್ಲಾಡಬಾರದು, ಯೋಚನೆ ಮಾಡಬೇಕಾಗಿಲ್ಲ. ಇಂಥ ಕೆಲಸವನ್ನು ನಾನು ಎರಡು ವರ್ಷದಿಂದ ಮಾಡುತ್ತಿದ್ದೇನೆ ಎನಿಸಿತು. ಚೆನ್ನಾಗಿ ನಿಲ್ಲುತ್ತೀಯ ಎಂದಳು. ಬಹಳ ದಿನದ ಮೇಲೆ ಕೇಳಿದ ಹೊಗಳಿಕೆ.

ಊಟದ ಹೊತ್ತಿಗೆ ಅವಳು ಸನ್ಯಾಸಿಗಳ ವಿಷಯ ಹೇಳುತ್ತಿದ್ದಳು, ಕ್ಲಾಸಿನಲ್ಲಿ ಪಾಠ ಒಪ್ಪಿಸುವ ಧ್ವನಿಯಲ್ಲಿ. ಅವರಿಗೆ ಊರು ಬಿಡುವುದೇ ದೊಡ್ಡ ತಪಸ್ಸಾಗಿತ್ತಂತೆ. ತಾಯಿ, ತಮ್ಮ, ಹೊಲ ಎಲ್ಲ ಬಿಟ್ಟು, ವಾಪಸು ಬರುವುದಿಲ್ಲ ಎಂದು ಹೇಳಿ ದೋಣಿ ಹತ್ತುತ್ತಿದ್ದರಂತೆ. ಕೆಲವರು ದ್ವೀಪಕ್ಕೆ ಬಂದರು, ಕೆಲವರು ಇನ್ನೂ ಮುಂದೆ ಹೋಗಿ ಜರ್ಮನಿಯಲ್ಲಿ ಮಠ ಕಟ್ಟಿದರು. ನಾವೂ ಅದನ್ನೇ ಮಾಡಿದೆವು, ನಮ್ಮದನ್ನು ತಪಸ್ಸು ಅನ್ನಲಿಲ್ಲ, ಬ್ಲೂ ಕಾರ್ಡ್ ವೀಸಾ ಅಂದರು ಎಂದೆ. ಅವಳು ನಗುವ ಹಾಗೆ ಮಾಡಿ ನಗಲಿಲ್ಲ. ತಟ್ಟೆ ತೊಳೆಯಲು ಎದ್ದಳು.

ಮೂರನೆಯ ಬೆಳಗ್ಗೆ ದೋಣಿ ಹೊರಟಿತು. ನೆಗೆಯುವಾಗ ಅವಳು ಬಂಡೆಯ ಮೇಲಿಂದ ನನ್ನ ಕೈ ಹಿಡಿದು ಎಳೆದಳು, ನಿಂತ ತಕ್ಷಣ ಬಿಟ್ಟಳು. ದೋಣಿಯವನು ಸಾಮಾನನ್ನು ದಾಟಿಸಿ, ದೋಣಿಗೆ ಲಂಗರು ಹಾಕಿ ತಾನೂ ಬಂದ. ಅವನ ತಾಯಿ ಈ ದ್ವೀಪದಲ್ಲೇ ಹುಟ್ಟಿದವಳಂತೆ. ಸನ್ಯಾಸಿಗಳು ಹೋದ ಮೇಲೂ ಇಲ್ಲಿ ಮೀನುಗಾರರ ಮನೆಗಳಿದ್ದವು. ಅವರೂ ಖಾಲಿ ಮಾಡಿ ಬಹಳ ಕಾಲವಾಯಿತು. ಸೂರಿಲ್ಲದ ಮನೆಗಳ ಸಾಲು ದಾಟಿ ಹೋದೆವು. ಒಂದರೊಳಗೆ ಒಲೆಯ ಜಾಗ ಹಾಗೆಯೇ ಇತ್ತು, ತುರಿಕೆ ಸೊಪ್ಪು ಸೊಂಟದವರೆಗೆ ಬೆಳೆದಿತ್ತು.

ಮಠ ಎಂದರೆ ನಾನು ಏನೋ ದೊಡ್ಡದನ್ನು ಅಂದುಕೊಂಡಿದ್ದೆ. ಸುಣ್ಣ ಗಾರೆ ಏನೂ ಇಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ದಪ್ಪ ಗೋಡೆ, ಅದರ ದಪ್ಪವೇ ಒಂದು ಕೊಟ್ಟಿಗೆಯ ಅಗಲದಷ್ಟು. ತಲೆ ತಗ್ಗಿಸಿ ಒಳಗೆ ನುಗ್ಗುವ ಬಾಗಿಲು. ಒಳಗೆ ಮಡಕೆ ಬೋರಲು ಹಾಕಿದ ಹಾಗೆ ಒಂದು ಗುಂಡು ಗುಡಿಸಲು, ಅದೂ ಕಲ್ಲಿನದೇ. ನಮ್ಮ ದೇವರಮನೆಗಿಂತ ತುಸು ದೊಡ್ಡದಾದ ಒಂದು ಚರ್ಚು. ಅಲ್ಲಲ್ಲಿ ಸೊಂಟದೆತ್ತರದ ಕಲ್ಲುಕಟ್ಟೆಗಳು. ಕಟ್ಟೆಯ ಮೇಲೆ ಶಿಲುಬೆ ಕೆತ್ತಿದ ಚಪ್ಪಡಿ ನಿಲ್ಲಿಸಿದ್ದಾರೆ, ಸುತ್ತ ನುಣುಪಾದ ಗುಂಡುಕಲ್ಲುಗಳು. ಚರ್ಚಿನ ಬಾಗಿಲಲ್ಲಿ ನಾನು ಅಭ್ಯಾಸಬಲದಿಂದ ಬೂಟು ಕಳಚಿದೆ. ಕಾಲು ಜಾರಿದರೆ ಇನ್ಶೂರೆನ್ಸ್ ಸಿಗುವುದಿಲ್ಲ ಎಂದು ಮಗಳು ಗದರಿದಳು. ಮತ್ತೆ ಹಾಕಿಕೊಂಡೆ.

ಬೆಳಗ್ಗೆಯೆಲ್ಲ ಕೋಲು ಹಿಡಿದೆ. ಮೂಲೆಯಿಂದ ಮೂಲೆಗೆ, ಕಲ್ಲಿನಿಂದ ಕಲ್ಲಿಗೆ. ಕಡಲಹಕ್ಕಿಗಳು ಬೈಯುತ್ತಿದ್ದವು. ನಡುವೆ ಬಿಡುವಾದಾಗ ದೋಣಿಯವನು ಗೋಡೆಯ ಮೇಲೆ ಕೂತು ಸ್ಮಶಾನದ ವಿಷಯ ಹೇಳಿದ. ಇಲ್ಲಿ ಗಂಡಸರ ಸ್ಮಶಾನ ಗೋಡೆಯ ಒಳಗೆ, ಹೆಂಗಸರದು ಹೊರಗೆ ಸಮುದ್ರದ ಕಡೆಗೆ. ಅವನ ಅಜ್ಜ ಒಳಗಿದ್ದಾನೆ, ಅಜ್ಜಿ ಹೊರಗಿದ್ದಾಳೆ. ಯಾರಾದರೂ ಹೆಂಗಸನ್ನು ತಪ್ಪಿ ಒಳಗೆ ಹೂತರೆ ಬೆಳಗಾಗುವಷ್ಟರಲ್ಲಿ ಹೆಣ ತಾನಾಗಿಯೇ ಹೆಂಗಸರ ಕಡೆ ಹೋಗಿರುತ್ತಿತ್ತಂತೆ. ಸತ್ತ ಮೇಲೂ ಎದ್ದು ನಡೆಯುವ ಕೆಲಸ ಹೆಂಗಸಿಗೇ ಯಾಕೆ ಎಂದು ಕೇಳಿದೆ. ನಮ್ಮಜ್ಜಿಯೂ ಹಾಗೇ ಕೇಳುತ್ತಿದ್ದಳು ಎಂದ.

ಊಟಕ್ಕೆ ಚಿತ್ರಾನ್ನ ಕಟ್ಟಿಕೊಂಡು ಬಂದಿದ್ದೆ. ಉಂಡ ಮೇಲೆ ಮಗಳು ಯಂತ್ರವನ್ನು ಗೋಡೆಯ ಆಚೆಗೆ ಸಾಗಿಸಲು ಹೋದಳು. ನಾನು ಒಬ್ಬಳೇ ದೊಡ್ಡ ಕಟ್ಟೆಯೊಂದರ ಹತ್ತಿರ ನಿಂತಿದ್ದೆ. ಅದು ಒಬ್ಬ ಮನುಷ್ಯ ಕಾಲು ಚಾಚಿ ಮಲಗುವಷ್ಟು ಉದ್ದವಿತ್ತು, ತಲೆಯ ಕಡೆ ಚಪ್ಪಡಿ. ಸುತ್ತಲೂ ಒಬ್ಬರು ನಡೆಯುವಷ್ಟು ಹುಲ್ಲಿನ ದಾರಿ, ಜನ ಸುತ್ತಿ ಸುತ್ತಿ ಸವೆಸಿದ್ದು. ನಾನು ನಡೆಯತೊಡಗಿದೆ. ಯೋಚಿಸಿ ಮಾಡಿದ್ದಲ್ಲ. ಕಟ್ಟೆಯನ್ನು ಎಡಕ್ಕೆ ಇಟ್ಟುಕೊಂಡು ಹೊರಟವು ಕಾಲುಗಳು. ದೇವರಿಗಾದರೆ ಬಲಗಡೆಯಿಂದ ಪ್ರದಕ್ಷಿಣೆ, ಸತ್ತವರಿಗೆ ಎಡಸುತ್ತು. ನಮ್ಮ ಮನೆಗಳಲ್ಲಿ ಯಾರಾದರೂ ಹೋದರೆ, ಎತ್ತುವ ಮುಂಚೆ ಹೆಂಗಸರೆಲ್ಲ ಎಡಸುತ್ತು ಬಂದು ಬಾಯಿಗೆ ನಾಲ್ಕು ಅಕ್ಕಿಕಾಳು ಹಾಕುತ್ತಾರೆ. ಆಮೇಲೆ ಗಂಡಸರು ಹೊತ್ತುಕೊಂಡು ಹೋಗುತ್ತಾರೆ, ಹೆಂಗಸರು ಬಾಗಿಲಲ್ಲೇ ಉಳಿಯುತ್ತಾರೆ. ಅತ್ತೆಗೂ ಮಾವನಿಗೂ ನಾನು ಹಾಗೆ ಸುತ್ತಿದ್ದೆ. ಅವರ ಮಗನಿಗೆ ಸುತ್ತಲು ಆ ಹಾಲಿನಲ್ಲಿ ಗೋಡೆ ಅಡ್ಡ ಇತ್ತು.

ಎಷ್ಟು ಸುತ್ತು ಬಂದೆನೋ. ಮನಸ್ಸಿನಲ್ಲಿ ಏನೂ ಇರಲಿಲ್ಲ, ಅವರ ಮುಖ ಕೂಡ. ಕಾಲಿಗೆ ಒಂದು ಕೆಲಸ ಸಿಕ್ಕಿತ್ತು, ಅಷ್ಟೇ.

ಯಾರೋ ಕೂಗಿದರು. ದೋಣಿಯವನು ಬಾಗಿಲ ಹತ್ತಿರ ನಿಂತಿದ್ದ, ಕೆಂಪು ಮುಖ ಬಿಳಚಿಕೊಂಡಿತ್ತು. ನಿಲ್ಲಿ ಎಂದ. ನಾನು ನಿಂತೆ. ಹತ್ತಿರ ಬಂದು, ಕೋಪವನ್ನು ತಡೆದುಕೊಂಡು, ನಿಧಾನವಾಗಿ ಕೇಳಿದ, ಯಾರಿಗೆ ಮಾಡುತ್ತಿದ್ದೀರಿ ಎಂದು. ನನಗೆ ಅರ್ಥವಾಗಲಿಲ್ಲ. ಮಗಳು ಓಡಿ ಬಂದಳು. ಅವನು ಅವಳಿಗೆ ವಿವರಿಸಿದ. ಈ ಕಟ್ಟೆಗಳನ್ನು ಸೂರ್ಯ ಹೋಗುವ ದಿಕ್ಕಿನಲ್ಲಿ, ಬಲಗಡೆಯಿಂದ ಸುತ್ತಿದರೆ ಪ್ರಾರ್ಥನೆ. ಎದುರು ದಿಕ್ಕಿನಲ್ಲಿ ಸುತ್ತುವುದು ಶಾಪ ಹಾಕುವವರು ಮಾತ್ರ. ಅವನ ಅಜ್ಜಿಯ ಕಾಲದಲ್ಲಿ, ತೀರಾ ಅನ್ಯಾಯವಾದವರು ಉಪವಾಸ ಮಾಡಿ ಬಂದು ಹಾಗೆ ಸುತ್ತುತ್ತಿದ್ದರಂತೆ. ಶಾಪ ನ್ಯಾಯವಾದದ್ದಲ್ಲದಿದ್ದರೆ ಸುತ್ತಿದವರಿಗೇ ತಿರುಗುತ್ತದಂತೆ. ತಾನು ಇಂಥದ್ದನ್ನೆಲ್ಲ ನಂಬುವವನಲ್ಲ ಎಂದ. ಆದರೆ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಬೇಕಾದವನು ತಾನು ಎಂದೂ ಹೇಳಿದ.

ಮಗಳ ಮುಖ ಕೆಂಪಾಯಿತು. ಇವನು ಬೇಸರಗೊಂಡರೆ ಮುಂದಿನ ವರ್ಷದ ಕೆಲಸಕ್ಕೂ ಕಲ್ಲು ಬೀಳುತ್ತದೆ, ಇದೊಂದೇ ದೋಣಿ. ಎಲ್ಲಿ ಹೋದರೂ ಏನಾದರೊಂದು ಮಾಡಬೇಕಾ ನಿನಗೆ ಎಂದು ಜರ್ಮನ್ನಿನಲ್ಲಿ ಕೇಳಿದಳು. ಆಮೇಲೆ, ಅದೇ ಉಸಿರಿನಲ್ಲಿ, ಯಾರಿಗೆ ಶಾಪ ಹಾಕುತ್ತಿದ್ದೆ, ನನಗಾ ಎಂದಳು.

ಆಗ ನನಗೆ ಸಿಟ್ಟು ಬಂತು. ಎರಡು ವರ್ಷದಲ್ಲಿ ನನಗೆ ಸರಿಯಾಗಿ ಬಂದದ್ದು ಆ ಒಂದೇ ಭಾವನೆ, ಅದು ಸಿಟ್ಟಾಗಿತ್ತು.

"ನಿಮ್ಮಪ್ಪಂಗೆ ಸುತ್ತುತಿದ್ದೆ ಕಣೇ," ಎಂದೆ. "ಸತ್ತೋರಿಗೆ ಎಡಕ್ಕೇ ಸುತ್ತೋದು ನಾವು. ಅವತ್ತು ಎಲ್ಲಿ ಸುತ್ತೋಕೆ ಬಿಟ್ರು? ಗೋಡೆಗೆ ಒತ್ತಿಟ್ಟಿದ್ರಲ್ಲ ಅವರನ್ನ."

ಅವಳು ನನ್ನನ್ನೇ ನೋಡುತ್ತ ನಿಂತಳು. ಇದು ಅವಳಿಗೆ ಗೊತ್ತಿರಲಿಲ್ಲ. ಅವಳು ಜರ್ಮನಿಯಲ್ಲೇ ಬೆಳೆದವಳು, ಅವಳು ಕಂಡ ಮೊದಲ ಸಾವು ಅಪ್ಪನದು. ಸಾವೆಂದರೆ ಕುರ್ಚಿಯ ಮೇಲೆ ಸುಮ್ಮನೆ ಕೂರುವುದು ಎಂದುಕೊಂಡಿದ್ದಳು. ನಾನು ಆ ಹಾಲಿನಲ್ಲಿ ಮರದ ಹಾಗೆ ಕೂತಿದ್ದುದನ್ನು ನೋಡಿ ಅವಳು ಏನೇನು ಅಂದುಕೊಂಡಿದ್ದಳೋ. ನಮ್ಮ ಕಡೆ ಹೆಂಗಸರಿಗೆ ಇರುವುದು ಅದೊಂದು ಸುತ್ತು, ಅದೂ ಇಲ್ಲದೆ ಹೋಯಿತು ಎಂದು ನಾನಾದರೂ ಯಾರಿಗೆ ಹೇಳಿದ್ದೆ? ಹೇಳಬೇಕು ಎಂದೂ ಅನಿಸಿರಲಿಲ್ಲ.

ಅವಳು ದೋಣಿಯವನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು. ಬಹಳ ಹೊತ್ತು ಹೇಳಿದಳು. ಅಪ್ಪ ಸತ್ತದ್ದು, ಪೆಟ್ಟಿಗೆ, ಗೋಡೆ, ನಮ್ಮ ಪದ್ಧತಿ, ಹೊಳೆ ಎಲ್ಲ. ಅಪ್ಪನ ವಿಷಯ ಅಷ್ಟನ್ನು ಒಟ್ಟಿಗೆ ಅವಳ ಬಾಯಲ್ಲಿ ನಾನು ಕೇಳಿರಲಿಲ್ಲ. ಅವನು ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅದು ಬೇರೆ ಮಾತು," ಎಂದ. "ನಿಮ್ಮ ರೀತಿಯಲ್ಲಿ ಮುಗಿಸಿ. ಆಮೇಲೆ ಸೂರ್ಯನ ಕಡೆಯಿಂದ ಒಂದು ಸುತ್ತು ಬಂದುಬಿಡಿ, ನನ್ನ ದೋಣಿಗೋಸ್ಕರ."

ಮತ್ತೆ ಸುತ್ತತೊಡಗಿದೆ. ಈ ಸಲ ನೋಡುವವರಿದ್ದರು ಎಂದು ಕಾಲು ತೊಡರಿತು. ಅರ್ಧ ಸುತ್ತಿಗೆ ಮಗಳು ಯಂತ್ರದ ಚೀಲ ಕೆಳಗಿಟ್ಟು ನನ್ನ ಹಿಂದೆ ಬಂದಳು. ಇಷ್ಟೇನಾ, ಆಮೇಲೆ ಏನು ಮಾಡುತ್ತಾರೆ ಎಂದು ಹಿಂದಿನಿಂದ ಕೇಳಿದಳು. ಬಾಯಿಗೆ ಅಕ್ಕಿ ಹಾಕುತ್ತಾರೆ ಎಂದೆ. ಇಲ್ಲಿ ಕಟ್ಟೆಯ ಮೇಲೆ ಏನೂ ಇಡುವಂತಿಲ್ಲ, ಅನುಮತಿಯಲ್ಲಿ ಬರೆದಿದೆ ಎಂದಳು. ಅದೂ ಸರಿಯೇ, ಅಲ್ಲಿ ಬಾಯಿಯೂ ಇರಲಿಲ್ಲ. ಇಬ್ಬರೂ ಬರಿಗೈಯಲ್ಲಿ ಸುತ್ತಿ ನಿಲ್ಲಿಸಿದೆವು. ಆಮೇಲೆ ದೋಣಿಯವನಿಗಾಗಿ ಬಲಗಡೆಯಿಂದ ಒಂದು ಸುತ್ತು ಬಂದೆವು. ಅವನೂ ನಮ್ಮ ಜೊತೆ ನಡೆದ, ಗ್ಯಾರಂಟಿ ಇರಲಿ ಎಂದೋ ಏನೋ.

ಎದೆ ಹಗುರಾಯಿತೇ ಎಂದು ಕೇಳಿದರೆ, ಇಲ್ಲ. ಏನೂ ಆಗಲಿಲ್ಲ. ಮಾಡಬೇಕಾದ ಒಂದು ಕೆಲಸವನ್ನು ತಪ್ಪು ಊರಿನಲ್ಲಿ, ತಪ್ಪು ಕಲ್ಲಿಗೆ, ತಡವಾಗಿ ಮಾಡಿದ್ದೆ. ಕೈ ತೊಳೆಯಲು ನೀರು ಹುಡುಕಿದೆ, ಸಿಗಲಿಲ್ಲ. ಕುಡಿಯುವ ಬಾಟಲಿಯ ನೀರನ್ನೇ ಚೆಲ್ಲಿಕೊಂಡೆ.

ಕೆಲಸ ಉಳಿದಿತ್ತು. ಗೋಡೆಯ ಹೊರಗೆ ಹೆಂಗಸರ ಸ್ಮಶಾನದ ಕೆಲವು ಮೂಲೆಗಳನ್ನು ಅಳೆಯಬೇಕಿತ್ತು. ಮಗಳು ದಿಬ್ಬದ ಮೇಲೆ ಯಂತ್ರ ಹೂಡಿದಳು, ನಾನು ಕೋಲು ಹಿಡಿದು ಇಳಿದೆ. ಗಿಡ್ಡ ಕಲ್ಲುಗಳು, ಹೆಚ್ಚಿನವುಗಳ ಮೇಲೆ ಹೆಸರಿಲ್ಲ. ಹುಲ್ಲಿನ ನಡುವೆ ಗುಲಾಬಿ ಬಣ್ಣದ ಸಣ್ಣ ಹೂಗಳು. ಇಷ್ಟೊಂದು ಹೆಂಗಸರು, ಗಂಡಂದಿರು ಯಾರೂ ಹತ್ತಿರವಿಲ್ಲ. ಸುತ್ತ ನೋಡಿದರೆ ಅಂಥ ದೊಡ್ಡ ದುಃಖದ ಜಾಗದ ಹಾಗೇನೂ ಕಾಣಲಿಲ್ಲ. ಒಂದು ಮೂಲೆಯಲ್ಲಿ ನಿಂತು ಬಹಳ ಹೊತ್ತಾದರೂ ಅವಳು ಕೈ ಎತ್ತಲಿಲ್ಲ. ತಿರುಗಿ ನೋಡಿದರೆ ಯಂತ್ರವನ್ನು ಬಿಟ್ಟು ಇಳಿದು ಬರುತ್ತಿದ್ದಳು. ಹತ್ತಿರ ಬಂದು ನನ್ನ ಕೈ ಮೇಲೆ ತನ್ನ ಕೈ ಇಟ್ಟು ತಾನೂ ಕೋಲು ಹಿಡಿದುಕೊಂಡಳು.

"ಅಮ್ಮಾ, ನಿನ್ನನ್ನ ಎಲ್ಲಿಡ್ಲಿ ನಾನು?" ಎಂದಳು. ಕನ್ನಡದಲ್ಲಿ ಕೇಳಿದಳು. "ಚಿಕ್ಕಪ್ಪ ಬಂದು ನಿನ್ನನ್ನೂ ತಗೊಂಡು ಹೋಗ್ಬಿಡ್ತಾರಾ?"

ಹೋಗುತ್ತಾನೆ ಎಂದೇ ನಾನು ಅಂದುಕೊಂಡಿದ್ದೆ. ಅದರಲ್ಲಿ ಯೋಚಿಸುವುದು ಏನೂ ಇರಲಿಲ್ಲ. ಹೊಳೆಯ ದಂಡೆಯಲ್ಲಿ ಕೂತು ಹೂಂ ಎಂದ ಮಾತು ಅದು. ಎರಡು ವರ್ಷದಿಂದ ನನಗೆ ಮುಂದಿನ ದಿನಗಳಲ್ಲಿ ಖಚಿತವಾಗಿ ಕಾಣುತ್ತಿದ್ದುದು ಅದೊಂದೇ, ಆ ನೀರು. ಮಿಕ್ಕಿದ್ದೆಲ್ಲ ಅಲ್ಲಿಗೆ ಹೋಗುವ ತನಕ ಕಾಯುವ ಪ್ಲಾಟ್‌ಫಾರ್ಮು. ಈ ಹುಡುಗಿ ಆ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಳೆ, ರೈಲು ಹೋದ ಮೇಲೂ ಅಲ್ಲೇ ನಿಂತಿರುತ್ತಾಳೆ ಎಂಬುದನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅವಳಿಗೆ ಅಣ್ಣನಿಲ್ಲ, ತಂಗಿಯಿಲ್ಲ. ಕಾವೇರಿ ಅವಳಿಗೆ ರಜೆಯಲ್ಲಿ ನೋಡಿದ ಒಂದು ಹೊಳೆ.

"ನಮ್ಮಲ್ಲಿ ಇಟ್ರೂ ಅದು ಇಪ್ಪತ್ತು ವರ್ಷಕ್ಕೆ ಕಣೇ," ಎಂದೆ. ನಮ್ಮಲ್ಲಿ ಎಂದರೆ ಸ್ಟುಟ್‌ಗಾರ್ಟ್. ಹೇಳಿದ ಮೇಲೆ ನನಗೇ ಗೊತ್ತಾಯಿತು. ಜರ್ಮನಿಯಲ್ಲಿ ಸಮಾಧಿಯ ಜಾಗವೂ ಬಾಡಿಗೆಯದು, ಅವಧಿ ಮುಗಿದರೆ ಕಲ್ಲು ಕಿತ್ತು ಬೇರೆಯವರಿಗೆ ಕೊಡುತ್ತಾರೆ. "ಆಮೇಲೆ ಅಲ್ಲೂ ಏನೂ ಉಳಿಯಲ್ಲ."

"ಅಷ್ಟು ಸಾಕು," ಎಂದಳು. "ಅಷ್ಟರಲ್ಲಿ ನಂಗೆ ಅಭ್ಯಾಸ ಆಗಿರತ್ತೆ."

ಇದನ್ನು ಅವಳು ಹಿಂದಿನಂತೆ ದೂರುವ ಹಾಗೆ ಹೇಳಲಿಲ್ಲ. ರೈಲಿನ ಟೈಮು ಹೇಳುವ ಹಾಗೆ ಹೇಳಿದಳು. ಇಪ್ಪತ್ತು ವರ್ಷ ಒಬ್ಬಳೇ ಬಂದು ನಿಲ್ಲುವುದನ್ನು ಆಗಲೇ ಒಪ್ಪಿಕೊಂಡು ಬಂದಿದ್ದಳು. ನನ್ನ ಎದೆಯಲ್ಲಿ ಎಲ್ಲೋ ಒಂದು ಕಡೆ ನೋವಾಯಿತು. ಮರಗಟ್ಟಿದ್ದ ಕಾಲಿಗೆ ರಕ್ತ ಹರಿದರೆ ಚುಚ್ಚುವ ಹಾಗೆ, ಹಿತವಾದದ್ದೇನಲ್ಲ. ಗಂಡನ ಮುಖ ಆಗ ಕಂಡಿತು, ಬೆಳಗ್ಗೆಯಿಂದ ಕಾಣದಿದ್ದದ್ದು. ನೀರಿನಲ್ಲಿ ಕಾಲಾಡಿಸುತ್ತ ಕೂತಿದ್ದರು.

"ಆಯ್ತು, ನಿನ್ನ ಹತ್ರಾನೇ ಇಡು," ಎಂದೆ. "ಬೆಟ್ಟದ ಮೇಲೆ ಬೇಡ. ಎಸ್-ಬಾನ್ ಸ್ಟೇಷನ್ನಿಂದ ನಡೆಯೋ ಹಾಗಿರ್ಲಿ. 'ಛತ್ರಿ ತಂದಿಲ್ಲ, ನಾಳೆ ಬರ್ತೀನಿ' ಅನ್ನೋ ಹಾಗೆ ಹತ್ರ ಇರ್ಲಿ."

ಅವಳು ತಲೆಯಾಡಿಸಿದಳು. ಕೋಲನ್ನು ನೆಟ್ಟಗೆ ಹಿಡಿದುಕೊಂಡೇ ಅಳುತ್ತಿದ್ದಳು, ಸಣ್ಣವಳಿದ್ದಾಗ ಅಳುತ್ತಿದ್ದ ಹಾಗೆ, ಬಾಯಿ ತೆರೆದು. ನನಗೆ ಅಳು ಬರಲಿಲ್ಲ. ಅವಳ ಬೆನ್ನ ಮೇಲೆ ಕೈ ಇಟ್ಟೆ; ಜಾಕೆಟ್ಟಿನ ಒಳಗೆ ಅವಳು ಬೆಚ್ಚಗಿದ್ದದ್ದು ಕೈಗೆ ತಿಳಿಯಿತು. ದೋಣಿಯವನು ದೂರದಲ್ಲಿ ನಮ್ಮ ಕಡೆ ಬೆನ್ನು ಹಾಕಿ ಸಮುದ್ರ ನೋಡುತ್ತ ನಿಂತಿದ್ದ.

"ಅಪ್ಪ ಒಬ್ರೇ ಆಗ್ಬಿಡ್ತಾರೆ," ಎಂದಳು.

"ಹೂಂ," ಎಂದೆ. "ಆಗ್ತಾರೆ."